ಅಲುಗದೆ ಕೂತವನು

ಹಗರಿ ಹೊಳೆಯ ದಂಡೆಯ ಮೇಲೆ ಒಂದು ಸಣ್ಣ ಮಠವಿತ್ತು. ಅಲ್ಲಿ ಅಡವಯ್ಯ ಎಂಬ ಶಿಷ್ಯನಿದ್ದ. ಅವನು ಕೂತರೆ ಕೂತದ್ದೇ, ಅಲುಗುತ್ತಿರಲಿಲ್ಲ.

ದಿನಾ ಬೆಳಿಗ್ಗೆ ಗುರುಗಳು ಬರುವ ಮುಂಚೆ ಅವನು ಜನರಿಗೆ ಗ್ರಂಥ ಓದಿ ಹೇಳಬೇಕು. ಒಂದೂವರೆ ತಾಸಿನ ಓದು. ಕಾಲು ಮಡಿಸಿ, ಬೆನ್ನು ನೆಟ್ಟಗೆ ಮಾಡಿ ಕೂತನೆಂದರೆ ತುಟಿ, ರೆಪ್ಪೆ ಬಿಟ್ಟು ಬೇರೇನೂ ಕದಲುತ್ತಿರಲಿಲ್ಲ.

ಜನ ಅದನ್ನು ನೋಡಲೆಂದೇ ಬರತೊಡಗಿದರು.

"ಎಂಥಾ ಆಸನ! ಮೈಮೇಲೆ ನೊಣ ಕೂತರೂ ಗೊತ್ತಾಗೋದಿಲ್ಲ ನೋಡಿ."

ಗೊತ್ತಾಗುತ್ತಿತ್ತು. ಓಡಿಸಲು ಕೈ ಎತ್ತಿದರೆ ಸೊಂಟದೊಳಗೆ ಕಾದ ಸರಳು ಆಡಿಸಿದಂತಾಗುತ್ತಿತ್ತು, ಅಷ್ಟೇ.

ಮಠ ಸೇರುವ ಮೊದಲು ಅಡವಯ್ಯ ದವಸದ ಮಂಡಿಯಲ್ಲಿ ಹಮಾಲಿ ಮಾಡುತ್ತಿದ್ದ. ಒಂದು ದಿನ ಬೆನ್ನ ಮೇಲೆ ಜೋಳದ ಚೀಲ ಇರುವಾಗಲೇ ಹಲಗೆಯಿಂದ ಜಾರಿಬಿದ್ದ. ತರಚಿದ್ದೆಲ್ಲ ಮಾಯಿತು. ನೋವು ಮಾತ್ರ ಉಳಿಯಿತು. ಆಸ್ಪತ್ರೆಯಲ್ಲಿ ಎಕ್ಸರೇ ತೆಗೆದು, ಮೂಳೆ ಮುರಿದಿಲ್ಲ ಎಂದು ಗುಳಿಗೆ ಕೊಟ್ಟು ಕಳಿಸಿದರು. ಮಠಕ್ಕೆ ಬಂದ ಮೇಲೆ ಗುಳಿಗೆಯನ್ನೂ ಬಿಟ್ಟ. ದೇಹದ ಮೋಹ ಬಿಟ್ಟು ಬಂದವನು ಸೊಂಟದ ಮಾತಾಡುವುದು ಹೇಗೆ?

ಮೊದಮೊದಲು ನಾಚಿಕೆಗೆ ಮುಚ್ಚಿಟ್ಟ. ಆಮೇಲೆ ಜನ ಕೈಮುಗಿಯತೊಡಗಿದರು. ಹೇಳುವುದು ಇನ್ನೂ ಕಷ್ಟವಾಯಿತು.

ಒಂದು ದಿನ ಪ್ರವಚನ ಮುಗಿದು ಜನವೆಲ್ಲ ಹೋಗಿದ್ದರು. ಗುರುಗಳ ಕನ್ನಡಕ ಕೈಜಾರಿ ಅಡವಯ್ಯನ ಕಾಲ ಹತ್ತಿರ ಬಿತ್ತು.

"ಎತ್ತಿಕೊಡು."

ಅಡವಯ್ಯ ಅತ್ತಿತ್ತ ನೋಡಿದ. ಬೇರೆ ಯಾರೂ ಇರಲಿಲ್ಲ. ಕಂಬ ಹಿಡಿದು ನಿಧಾನವಾಗಿ ಬಗ್ಗಿದ. ಅರ್ಧಕ್ಕೆ ಹೋದವನು ಅಲ್ಲೇ ಸಿಕ್ಕಿಕೊಂಡ. ಕೆಳಕ್ಕೂ ಆಗದು, ಮೇಲಕ್ಕೂ ಆಗದು. ಹಣೆಯ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು.

ಗುರುಗಳು ತಾವೇ ಬಂದು ಕನ್ನಡಕ ಎತ್ತಿಕೊಂಡರು. ಹಾಕಿಕೊಂಡು ಅವನನ್ನು ಚೆನ್ನಾಗಿ ನೋಡಿದರು.

"ಎಷ್ಟು ವರ್ಷ ಆಯ್ತು?"

"ಎಂಟು, ಬುದ್ಧೀ. ಮಂಡಿಯಲ್ಲಿ ಜೋಳದ ಚೀಲದ ಜೊತೆ ಬಿದ್ದಾಗಿನಿಂದ."

"ಯಾರಿಗೆ ಹೇಳಿದ್ದೀಯ?"

"ಯಾರಿಗೂ ಇಲ್ಲ. ತಪಸ್ಸು ಅಂದುಕೊಂಡು ಸಹಿಸಿಕೊಂಡೆ."

"ಯಾರೋ ನಿನ್ನ ಕಾಲ ಮೇಲೆ ಗಾಡಿ ಹತ್ತಿಸಿ ನಿಲ್ಲಿಸಿದರೆ ಏನು ಮಾಡ್ತೀಯ?"

"ಗಾಡಿ ತೆಗಿಯೋ ಅಂತೀನಿ."

"ತಪಸ್ಸು ಅನ್ನಲ್ಲವಾ?"

ಅಡವಯ್ಯ ಕಂಬ ಹಿಡಿದು ಮೆಲ್ಲಗೆ ನೆಟ್ಟಗಾದ.

"ನಾಳೆ ಅಮಾವಾಸ್ಯೆ," ಎಂದರು ಗುರುಗಳು. "ನನ್ನ ಜೊತೆ ಹೊಳೆ ದಾಟು."

ಪ್ರತಿ ಅಮಾವಾಸ್ಯೆ ಗುರುಗಳು ಒಬ್ಬರೇ ಆಚೆ ದಡಕ್ಕೆ ಹೋಗುತ್ತಿದ್ದರು. ಮರಳಿ ಬರುವಾಗ ಅವರ ಮುಖದಲ್ಲಿ ಕಳೆ ಇರುತ್ತಿತ್ತು. ಅಲ್ಲೊಂದು ಗುಹೆಯಿದೆ, ಅಲ್ಲಿ ಏಕಾಂತ ಧ್ಯಾನ ಮಾಡುತ್ತಾರೆ ಎಂದು ಶಿಷ್ಯರೆಲ್ಲ ಪಿಸುಗುಟ್ಟುತ್ತಿದ್ದರು. ಇದುವರೆಗೆ ಯಾರನ್ನೂ ಅವರು ಕರೆದೊಯ್ದಿರಲಿಲ್ಲ. ನೋವನ್ನು ಬೇರುಸಹಿತ ಕೀಳುವ ಯಾವುದೋ ಮಂತ್ರ ಸಿಗುತ್ತದೆ ಎಂದುಕೊಂಡ ಅಡವಯ್ಯ ಅಂದು ಉಪವಾಸ ಮಾಡಿದ.

ಆಚೆ ದಡದಲ್ಲಿ ಗುಹೆಯಿರಲಿಲ್ಲ. ಒಂದು ಗರಡಿ ಮನೆಯಿತ್ತು.

ಒಳಗೆ ಕೆಮ್ಮಣ್ಣಿನ ವಾಸನೆ, ಎಣ್ಣೆಯ ವಾಸನೆ. ಅಖಾಡದಲ್ಲಿ ನಾಲ್ಕು ಜನ ಪೈಲ್ವಾನರು ಪಟ್ಟು ಹಾಕುತ್ತಿದ್ದರು. ಗರಡಿಯ ಉಸ್ತಾದ್ ಇಮಾಮ್ ಸಾಬರಿಗೆ ಎಪ್ಪತ್ತು ದಾಟಿತ್ತು. ಕುಸ್ತಿಯಲ್ಲಿ ನಜ್ಜುಗುಜ್ಜಾದ ಕಿವಿ, ಹಲಗೆಯಂಥ ಅಂಗೈ. ಸುತ್ತಲಿನ ಊರುಗಳ ಹಿಡಿದ ಬೆನ್ನು, ಉಳುಕಿದ ಸೊಂಟಗಳೆಲ್ಲ ಆ ಕೈಗೆ ಬರುತ್ತಿದ್ದವು.

"ಬನ್ನಿ ಸ್ವಾಮೇರೆ, ಈ ತಿಂಗಳು ಹೆಂಗಿತ್ತು?"

"ಎಡಗಡೆ ಹಿಡಿದಿದೆ, ಉಸ್ತಾದ್."

ಗುರುಗಳು ಮೇಲುವಸ್ತ್ರ ತೆಗೆದು ಚಾಪೆಯ ಮೇಲೆ ಬೋರಲು ಮಲಗಿದರು. ಉಸ್ತಾದರು ಬೆನ್ನುಮೂಳೆಯ ಎರಡೂ ಬದಿ ಹೆಬ್ಬೆರಳಿನಿಂದ ಒತ್ತುತ್ತ ಬಂದರು. ಒಂದು ಕಡೆ ಬೆರಳು ನಿಂತಿತು. ಗುರುಗಳನ್ನು ಮಗ್ಗುಲಿಗೆ ಹೊರಳಿಸಿ, ಒಂದು ಕೈ ಭುಜಕ್ಕೆ, ಒಂದು ಕೈ ಸೊಂಟಕ್ಕೆ ಇಟ್ಟು, ಉಸಿರು ಹೊರಗೆ ಹೋಗುವವರೆಗೆ ಕಾದು, ಚಕ್ಕನೆ ತಿರುವಿದರು.

ಲಟಕ್ ಎಂದಿತು.

"ಅಪ್ಪಾ!" ಎಂದರು ಗುರುಗಳು, ಸಂತೆಯಲ್ಲಿ ಕಾಲು ತುಳಿಸಿಕೊಂಡ ಯಾರೋ ಅಂದಂತೆ.

ಅಡವಯ್ಯ ಬಾಯಿ ಬಿಟ್ಟುಕೊಂಡು ನಿಂತಿದ್ದ.

"ಬುದ್ಧೀ, ನಿಮಗೂ?"

"ಇಪ್ಪತ್ತೆರಡು ವರ್ಷ."

"ನೀವು ಇಲ್ಲಿಗೆ ಧ್ಯಾನಕ್ಕೆ ಬರ್ತೀರಿ ಅಂತ ನಾವೆಲ್ಲ..."

"ಹಾಗಂತ ಯಾರು ಹೇಳಿದರು?"

"ಯಾರೂ ಹೇಳಲಿಲ್ಲ."

"ನೀವು ಯಾರೂ ಕೇಳಲೂ ಇಲ್ಲ."

ಗುರುಗಳು ಎದ್ದು ಚಾಪೆ ತೋರಿಸಿದರು.

ಉಸ್ತಾದರು ಮೊದಲು ಕೈಯಿಡಲಿಲ್ಲ, ಪ್ರಶ್ನೆ ಕೇಳಿದರು. "ಕಾಲು ಮರಗಟ್ಟುತ್ತಾ? ಬಲ ಕಮ್ಮಿಯಾಗಿದೆಯಾ? ಜ್ವರ ಬರುತ್ತಾ? ಒಂದಕ್ಕೆ ಎರಡಕ್ಕೆ ಹೋಗೋದರಲ್ಲಿ ಏನಾದರೂ ತೊಂದರೆ? ಮೈ ಸುಮ್ಮಸುಮ್ಮನೆ ಇಳಿದಿದೆಯಾ?"

ಎಲ್ಲದಕ್ಕೂ ಅಡವಯ್ಯ ಇಲ್ಲವೆಂದ.

"ಒಂದಕ್ಕೆ ಹೌದು ಅಂದಿದ್ದರೂ ನಾನು ಮುಟ್ಟುತ್ತಿರಲಿಲ್ಲ, ದೊಡ್ಡಾಸ್ಪತ್ರೆಗೆ ಕಳಿಸ್ತಿದ್ದೆ. ಇದು ನನ್ನ ಕೈಗೆ ಬರೋ ನೋವು. ಮಲಗಿ."

ಅಡವಯ್ಯ ಮಲಗಿದ. ಅಂಗೈ ಸೊಂಟಕ್ಕೆ ತಾಕಿದ್ದೇ ತಡ, ಉಸಿರು ಹಿಡಿದ.

"ಉಸಿರು ಬಿಡಿ."

ಬಿಡಲಾಗಲಿಲ್ಲ.

"ಮೈ ಸಡಿಲ ಬಿಡಿ."

ಅದೂ ಆಗಲಿಲ್ಲ. ಹಲ್ಲು ಕಚ್ಚಿದ್ದ, ಮುಷ್ಟಿ ಕಟ್ಟಿದ್ದ, ಕಾಲ್ಬೆರಳು ಸಹ ಮಡಿಚಿಕೊಂಡಿದ್ದವು. ಮೂರು ಸಲ ನೋಡಿ ಉಸ್ತಾದರು ಕೈ ತೆಗೆದರು.

"ಸ್ವಾಮೇರೆ, ಇವರು ಬಿಡ್ತಾ ಇಲ್ಲ. ಬಿಗಿ ಹಿಡಿದ ಮೈ ಮೇಲೆ ಜೋರು ಮಾಡಬಾರದು. ಬೇಡ."

ಇದೂ ಕೈತಪ್ಪಿತು ಎಂದು ಅಡವಯ್ಯನ ಕಣ್ಣು ತುಂಬಿತು. ಗುರುಗಳು ಬಂದು ಅವನ ತಲೆಯ ಪಕ್ಕದಲ್ಲಿ ನೆಲದ ಮೇಲೇ ಕೂತರು.

"ಚೀಲದ ಜೊತೆ ಬಿದ್ದೆಯಲ್ಲ, ಆಗ ಏನಂದೆ?"

"ಏನೂ ಅನ್ನಲಿಲ್ಲ ಬುದ್ಧೀ. ಮಂಡಿಯವರೆಲ್ಲ ನೋಡ್ತಿದ್ದರು. ಎದ್ದು ಇನ್ನೊಂದು ಚೀಲ ಹೊತ್ತೆ."

ಉಸ್ತಾದರು ಮತ್ತೆ ಕೈಯಿಟ್ಟು ಅವನನ್ನು ಮಗ್ಗುಲಿಗೆ ಹೊರಳಿಸಿದರು, ಗುರುಗಳು ಅವನ ಕಿವಿಯ ಹತ್ತಿರ ಬಗ್ಗಿದರು.

"ಈಗ ಅನ್ನು."

"ಏನು?"

"ಆಗ ಅನ್ನಬೇಕಾಗಿದ್ದು."

ಅಡವಯ್ಯ ಚಾಪೆಗೆ ಕೆನ್ನೆ ಒತ್ತಿದ. "ಅವ್ವಾ," ಎಂದ, ತನಗೇ ಕೇಳಿಸದಷ್ಟು ಮೆಲ್ಲಗೆ.

"ಕೇಳಿಸಲಿಲ್ಲ."

"ಅವ್ವಾ." ಇನ್ನೊಮ್ಮೆ. ಆಮೇಲೆ ತಡೆಯಲಾಗಲಿಲ್ಲ. "ಅವ್ವಾ! ಸತ್ತೆನೇ, ಯವ್ವಾ!"

ಅಖಾಡದ ಪೈಲ್ವಾನರು ಪಟ್ಟು ಬಿಟ್ಟು ತಿರುಗಿ ನೋಡಿದರು. ಅಡವಯ್ಯನ ಎದೆಯಲ್ಲಿದ್ದ ಉಸಿರೆಲ್ಲ ಆ ಕೂಗಿನ ಜೊತೆ ಹೊರಗೆ ಹೋಯಿತು. ಮುಷ್ಟಿ ಬಿಚ್ಚಿತು. ಅದೇ ಹೊತ್ತಿಗೆ ಉಸ್ತಾದರ ಕೈ ತಿರುಗಿತು.

ಸೊಂಟ ಮುರಿಯಿತು ಎಂದುಕೊಂಡ ಅಡವಯ್ಯ. ಕಣ್ಣು ಮುಚ್ಚಿ, ಕಾದ ಸರಳಿಗಾಗಿ ಕಾದ. ಅದು ಬರಲಿಲ್ಲ. ಇನ್ನೂ ಸ್ವಲ್ಪ ಕಾದ. ಬರಲಿಲ್ಲ. ನಗು ಬಂತು, ಅದರ ಹಿಂದೆಯೇ ಅಳು ಬಂತು.

"ಪೂರ್ತಿ ಹೋಯಿತಾ?" ಎಂದು ಗುರುಗಳು ಕೇಳಿದರು.

ಅಡವಯ್ಯ ಎದ್ದು ನಿಂತು, ಒಂದು ಹೆಜ್ಜೆ ಇಟ್ಟು, ಇನ್ನೊಂದು ಇಟ್ಟ.

"ಇಲ್ಲ ಬುದ್ಧೀ. ಚೀಲ ಇದೆ. ಆದರೆ ನೆಲದ ಮೇಲಿದೆ."

ಉಸ್ತಾದರು ಕೈ ಒರೆಸಿಕೊಳ್ಳುತ್ತ ಹೇಳಿದರು: "ಎಂಟು ವರ್ಷದ್ದು ಒಂದು ದಿನಕ್ಕೆ ಹೋಗಲ್ಲ. ವಾರಕ್ಕೊಮ್ಮೆ ಆರು ಸಲ ಬನ್ನಿ. ದಿನಾ ಹೊಳೆದಂಡೆಯಲ್ಲಿ ನಡೀರಿ. ಅರ್ಧ ಗಂಟೆಗಿಂತ ಹೆಚ್ಚು ಒಂದೇ ಸಮ ಕೂರಬೇಡಿ. ಒಂದಿಷ್ಟು ಉಳಿದರೂ ಉಳೀಬಹುದು. ಅದು ನಿಮ್ಮ ಮಾತು ಕೇಳೋ ಹಾಗೆ ಮಾಡೋಣ."

ಆ ಮಧ್ಯಾಹ್ನ ಮಠದ ಜಗುಲಿಯ ಮೇಲೆ ಅಂಗಾತ ಮಲಗಿದವನಿಗೆ ಸಂಜೆ ಪೂಜೆಯ ಗಂಟೆ ಕೇಳಿಯೇ ಎಚ್ಚರವಾಯಿತು. ಅಷ್ಟು ಉದ್ದದ ನಿದ್ದೆ ಅವನಿಗೆ ಮರೆತೇಹೋಗಿತ್ತು.

ನಾಲ್ಕು ವಾರ ಹೊಳೆ ದಾಟಿ ಬಂದ. ಬಗ್ಗಿ ನೀರು ಮೊಗೆಯುವಷ್ಟಾಯಿತು. ಓದುವಾಗ ನಡುವೆ ಕಾಲು ಬದಲಿಸುತ್ತಿದ್ದ, ಮಗ್ಗುಲು ಸರಿಸುತ್ತಿದ್ದ.

ಪಂಪಣ್ಣ ಮೇಷ್ಟ್ರು ಮಠದ ಹಳೆಯ ಭಕ್ತರು. ಯಾವಾಗಲೂ ಮುಂದಿನ ಸಾಲಿನಲ್ಲೇ ಕೂರುವವರು. ಒಂದು ದಿನ ಓದು ಮುಗಿದ ಮೇಲೆ ಹತ್ತಿರ ಬಂದರು.

"ಮೊದಲೆಲ್ಲ ಬಂಡೆ ಹಂಗೆ ಕೂರ್ತಿದ್ದಿರಿ. ಇವತ್ತು ಏಳು ಸಲ ಅಲುಗಾಡಿದಿರಿ. ಸಾಧನೆ ಸಡಿಲಾಯ್ತೋ ಏನೋ."

ಆ ಮಾತು ಅಡವಯ್ಯನಿಗೆ ನಾಟಿತು. ಮಾರನೆಯ ದಿನ ಒಂದೂವರೆ ತಾಸೂ ಬಂಡೆಯಂತೆ ಕೂತ. ಮೇಷ್ಟ್ರು ಕೈಮುಗಿದು ಹೋದರು. ಅಡವಯ್ಯನನ್ನು ಇಬ್ಬರು ಹಿಡಿದು ಎಬ್ಬಿಸಬೇಕಾಯಿತು.

ಗುರುಗಳು ಅವನು ಮಲಗಿದ್ದಲ್ಲಿಗೆ ಬಂದರು.

"ಯಾರಿಗೋಸ್ಕರ ಕೂತೆ?"

ಅಡವಯ್ಯ ಏಳಹೋದ, ಆಗಲಿಲ್ಲ.

"ಉಸ್ತಾದರ ಕೈ ಸೋತಿತೇನು?"

"ಅವರದೇನೂ ತಪ್ಪಿಲ್ಲ ಬುದ್ಧೀ. ನನ್ನದೇ."

"ಸೊಂಟದ್ದನ್ನ ಅವರು ನೋಡ್ತಾರೆ. ಇದಕ್ಕೆ ಅವರ ಹತ್ತಿರ ಪಟ್ಟು ಇಲ್ಲ. ನನ್ನ ಹತ್ತಿರವೂ ಇಲ್ಲ."

ಅಷ್ಟು ಹೇಳಿ ಹೊರಟುಹೋದರು.

ಇನ್ನೆರಡು ವಾರ ಕಳೆಯಿತು. ಆರನೆಯ ಸಲವೂ ಉಸ್ತಾದರ ಚಾಪೆ ಮೇಲೆ ಮಲಗಿ ಬಂದದ್ದಾಯಿತು. ಹುಣ್ಣಿಮೆಯ ಬೆಳಿಗ್ಗೆ ಮಠದ ಕಂಬಗಳ ನಡುವಿನ ಅಂಕಣ ಜನರಿಂದ ತುಂಬಿತ್ತು. ಅಡವಯ್ಯ ಓದತೊಡಗಿದ. ಅರ್ಧ ಗಂಟೆಯಾಯಿತು. ಸೊಂಟ ಮೆಲ್ಲಗೆ ಜಗ್ಗಿತು.

ಎದುರಿಗೆ ಮೇಷ್ಟ್ರು. ಅವರ ಹಿಂದೆ ಸಾಲುಸಾಲು ಮುಖ. ಅಡವಯ್ಯ ಗ್ರಂಥದ ನಡುವೆ ಬೆರಳಿಟ್ಟು ಮುಚ್ಚಿದ.

"ನನಗೆ ಸೊಂಟ ನೋವಿದೆ," ಎಂದ. "ಎಂಟು ವರ್ಷದಿಂದ ಇದೆ. ನಾನು ಅಲುಗದೆ ಕೂರ್ತಿದ್ದದ್ದು ಸಾಧನೆ ಅಲ್ಲ. ಅಲುಗಿದರೆ ಪ್ರಾಣ ಹೋದಂಗಾಗ್ತಿತ್ತು. ಈಗ ಆಚೆ ದಡದ ಉಸ್ತಾದರ ಕೈಯಿಂದ ಎಷ್ಟೋ ವಾಸಿ. ಸ್ವಲ್ಪ ಹೊತ್ತು ಕಾಲು ಚಾಚ್ತೀನಿ. ತಪ್ಪು ತಿಳೀಬೇಡಿ."

ಕಾಲು ಚಾಚಿದ.

ಈಗ ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ ಎಂದುಕೊಂಡು ಅಡವಯ್ಯ ತನ್ನ ಪಾದವನ್ನೇ ನೋಡುತ್ತ ಕೂತ.

ಹಿಂದಿನಿಂದ ಹಂಪವ್ವ ಎಂಬ ಮುದುಕಿಯ ದನಿ ಬಂತು.

"ನಾನೂ ಚಾಚಲೇನಪ್ಪಾ? ಮಂಡಿ ಹಿಡಿದು ಹದಿನೈದು ವರ್ಷ ಆಯ್ತು. ಸ್ವಾಮಿಗಳ ಮಠದಾಗೆ ಹೆಂಗೆ ಕಾಲು ಚಾಚೋದು ಅಂತ ಸುಮ್ಕಿದ್ದೆ."

ಉತ್ತರಕ್ಕೆ ಕಾಯದೆ ಚಾಚಿಯೂ ಬಿಟ್ಟಳು. "ಉಸ್ಸಪ್ಪಾ!" ಎಂದಳು. ಪಕ್ಕದವಳು ಸೊಂಟಕ್ಕೆ ಕೈಯಿಟ್ಟು ಹಿಂದಕ್ಕೆ ವಾಲಿದಳು. ಯಾರೋ ಮೊಣಕಾಲು ಬಿಡಿಸಿದರು, ಯಾರೋ ಹಿಮ್ಮಡಿ ಒತ್ತಿಕೊಂಡರು. ಇಡೀ ಅಂಕಣದಲ್ಲಿ ಕೀಲು ಚಟಪಟ ಎಂದವು, ನಿಟ್ಟುಸಿರು ಎದ್ದಿತು. ಎಲ್ಲಿಂದಲೋ ಒಂದು ನಗು ಶುರುವಾಗಿ ಎಲ್ಲರಿಗೂ ಹಬ್ಬಿತು.

ಪಂಪಣ್ಣ ಮೇಷ್ಟ್ರು ಮಾತ್ರ ನೆಟ್ಟಗೆ ಕೂತಿದ್ದರು. ಕೊನೆಗೆ ಮೆಲ್ಲಗೆ ಮುಂದಕ್ಕೆ ಬಾಗಿದರು.

"ನನ್ನದು ಕತ್ತು. ಉಸ್ತಾದರು ಕತ್ತು ನೋಡ್ತಾರಾ?"

"ಕರಕೊಂಡು ಹೋಗ್ತೀನಿ ಮೇಷ್ಟ್ರೇ," ಎಂದ ಅಡವಯ್ಯ. ಅವನ ಎದೆ ಹಗುರಾಗಿತ್ತು. "ಮೊದಲು ಒಂದಿಷ್ಟು ಪ್ರಶ್ನೆ ಕೇಳ್ತಾರೆ. ಸುಳ್ಳು ಹೇಳಬೇಡಿ. ತಮ್ಮ ಕೈಗೆ ಬರೋದಲ್ಲ ಅಂದರೆ ನೇರ ಆಸ್ಪತ್ರೆಗೆ ಹೋಗೋಣ."

ಅಷ್ಟರಲ್ಲಿ ಗುರುಗಳು ಬಾಗಿಲಲ್ಲಿ ಕಾಣಿಸಿಕೊಂಡರು. ಜನ ಗಡಬಡಿಸಿ ಕಾಲು ಮಡಿಸಹೋದರು. ಗುರುಗಳು ಕೈಯೆತ್ತಿ ತಡೆದರು.

ಅಡವಯ್ಯ ಗ್ರಂಥ ಬಿಡಿಸಿದ. ನಗೆಯಲ್ಲಿ ಬೆರಳು ಜಾರಿ, ಓದು ಎಲ್ಲಿಗೆ ನಿಂತಿತ್ತು ಎಂಬುದು ತಪ್ಪಿಹೋಗಿತ್ತು.

"ಎಲ್ಲಿಂದ ಓದಲಿ, ಬುದ್ಧೀ?"

ಗುರುಗಳು ಅಂಕಣದ ತುಂಬ ಚಾಚಿದ್ದ ಕಾಲುಗಳ ಮೇಲೆ ಒಮ್ಮೆ ಕಣ್ಣಾಡಿಸಿದರು.

"ಮೊದಲು ಎಲ್ಲರಿಗೂ ಒರಗೋಕೆ ಗೋಡೆ ಸಿಕ್ಕಿದೆಯಾ ನೋಡು. ಆಮೇಲೆ ದೇವರ ವಿಷಯ."