ಬೆಚ್ಚಗೆ ಮಾಡಿ ತಂದ ಗುಡಾಣ

"ಗುರುಗಳೇ, ದೇವರು ಸಾರ್ವಭೌಮ ಎನ್ನುತ್ತೀರಿ. ಅವನ ಮಾತನ್ನು ಮೀರಿದ್ದು ಮೇಲೂ ಇಲ್ಲ, ಕೆಳಗೂ ಇಲ್ಲ. ಹಾಗಿದ್ದರೆ 'ಕ್ಷಮಿಸಿದ್ದೇನೆ, ಹೋಗಿ' ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನೇ ಶಿಲುಬೆಯ ಮೇಲೆ ಸಾಯುವುದು ಯಾಕೆ ಬೇಕಾಯಿತು?"

ಹೀಗೆ ಕೇಳಿದವನು ಜ್ಞಾನಮಿತ್ರ ಎಂಬ ಶಿಷ್ಯ. ಕೇಳಿ, ಗೆದ್ದವನಂತೆ ಸುತ್ತ ಕುಳಿತವರನ್ನು ನೋಡಿದ. ಗುರುಗಳ ಮುಖ ಅರಳಿತು.

"ಭಲೇ! ಇದನ್ನು ಯಾರಾದರೂ ಕೇಳಲಿ ಎಂದು ಕಾದಿದ್ದೆ. ಹತ್ತಿರ ಬನ್ನಿ ಎಲ್ಲರೂ," ಎಂದು ಕತೆ ಹೇಳತೊಡಗಿದರು.

ಕುಂಬಾರರ ಒಂದು ಊರು. ಊರಿಗೆಲ್ಲ ಮಡಕೆ ಸುಡುವ ಆವಿಗೆ ಒಂದೇ. ಅದರ ಗೋಡೆ ಕಟ್ಟಿದವನು ಒಬ್ಬ ಹಿರಿಯ ಕುಂಬಾರ. ಆವಿಗೆಯ ಯಜಮಾನ ಅವನೇ. ಯಾರ ಮಡಕೆ ಒಳಗೆ ಹೋಗಬೇಕು, ಯಾರದು ಹೋಗಬಾರದು, ಬೆಂಕಿ ಯಾವಾಗ ಹಚ್ಚಬೇಕು, ಎಲ್ಲವೂ ಅವನ ಮಾತು. ಆ ಮಾತಿಗೆ ಎದುರು ಮಾತಿಲ್ಲ. ಅವನ ತಿಗರಿಯ ಚಕ್ರದ ಮೇಲೆ ಎದ್ದಂಥ ಮಡಕೆ ಆ ಸೀಮೆಯಲ್ಲಿ ಬೇರೆ ಯಾರ ತಿಗರಿಯ ಮೇಲೂ ಎದ್ದಿರಲಿಲ್ಲ.

ಹಸಿ ಮಡಕೆ ಆವಿಗೆಗೆ ಹೋಗಬಾರದು ಎಂಬುದು ಅಲ್ಲಿನ ಕಟ್ಟಳೆ. ಪಸೆ ಉಳಿದ ಮಡಕೆ ಬೆಂಕಿಯಲ್ಲಿ ಸಿಡಿಯುತ್ತದೆ. ತಾನೂ ಹಾಳಾಗಿ ನೆರೆಯ ಮಡಕೆಗಳನ್ನೂ ಹಾಳು ಮಾಡುತ್ತದೆ. ಅದಕ್ಕೆಂದೇ ಯಜಮಾನ ಬಾಗಿಲಲ್ಲಿ ನಿಂತು ಒಂದೊಂದು ಮಡಕೆಗೂ ಕೆನ್ನೆ ಒತ್ತಿ ನೋಡುತ್ತಿದ್ದ. ತಣ್ಣಗಿದ್ದರೆ ಇನ್ನೂ ಹಸಿ. ಗೊತ್ತಿದ್ದೂ ಹಸಿ ಮಡಕೆ ಇಟ್ಟವರ ತಿಗರಿಯನ್ನು ಒಡೆಯಬೇಕು. ತಿಗರಿ ಒಡೆದ ಮೇಲೆ ಕುಂಬಾರನಿಗೆ ಆ ಊರಲ್ಲಿ ಬದುಕಿಲ್ಲ.

ಅಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳು. ಕಲಿಸುವವರಿಲ್ಲದೆ, ನೋಡಿ ನೋಡಿಯೇ ಕಸುಬು ಕಲಿತವಳು. ಆ ವರ್ಷ ಅವಳು ಎದೆಯೆತ್ತರದ ಗುಡಾಣ ಮಾಡಿದಳು. ಅಷ್ಟು ದೊಡ್ಡ ಮಡಕೆಯನ್ನು ಊರಿನ ಗಂಡಸರೂ ಮಾಡಿರಲಿಲ್ಲ. ಆದರೆ ಬೆಂಕಿ ಹಚ್ಚುವ ದಿನ ಬಂದಾಗ ಗುಡಾಣದ ತಳ ಇನ್ನೂ ಆರಿರಲಿಲ್ಲ. ಮುಂದಿನ ಸಲಕ್ಕೆ ಇಡಬಹುದಿತ್ತು. ಅಷ್ಟರಲ್ಲಿ ನೆರೆಯವಳು ಬಂದು ನಕ್ಕಳು.

"ಏನಕ್ಕಾ, ನಿನ್ನ ಗುಡಾಣಕ್ಕೆ ಇನ್ನೂ ನೆಗಡಿಯೇ?"

ಆ ಮಾತು ಚುಚ್ಚಿತು. ಕುಂಬಾರಗಿತ್ತಿ ಗುಡಾಣವನ್ನು ತನ್ನ ಒಲೆಯ ಪಕ್ಕಕ್ಕೆ ಸರಿಸಿ ಬೆಚ್ಚಗೆ ಮಾಡಿದಳು. ಬಿಸಿ ಇಳಿಯುವ ಮುನ್ನ ಆವಿಗೆಯ ಬಾಗಿಲಿಗೆ ತಂದಳು. ಯಜಮಾನ ಕೆನ್ನೆ ಒತ್ತಿದ. ಬೆಚ್ಚಗಿತ್ತು. ಅವನು ಅವಳ ಮುಖ ನೋಡಿದ.

"ಆರಿದೆಯೇನಮ್ಮಾ?"

"ನೀವೇ ನೋಡಿದಿರಲ್ಲ ಯಜಮಾನರೇ."

ಗುಡಾಣ ಒಳಗೆ ಹೋಯಿತು.

ಸಣ್ಣ ಬೆಂಕಿ ಮುಗಿದು ದೊಡ್ಡ ಬೆಂಕಿಗೆ ಕಟ್ಟಿಗೆ ತುರುಕಿದರು. ಢಮ್ಮೆಂದು ಸದ್ದಾಯಿತು! ಗುಡಾಣ ಸಿಡಿದು ಗೋಡೆಯ ಇಟ್ಟಿಗೆಗಳೇ ಕಿತ್ತು ಬಿದ್ದವು. ತೂತಿನಿಂದ ಉರಿ ಹೊರಗೆ ಚಾಚಿತು. ಗಾಳಿ ಬೀಸಿದಾಗಲೆಲ್ಲ ತಂಪು ಒಳಗೆ ನುಗ್ಗಿತು. ಕಾದ ಮಡಕೆಗಳು ಟಣ್ ಟಣ್ ಎಂದು ಬಿರಿಯತೊಡಗಿದವು. ಇಡೀ ಊರಿನ ದುಡಿಮೆ ಅದರೊಳಗಿತ್ತು.

ಹಲಗೆ ಒತ್ತಿದರು, ಹೊತ್ತಿಕೊಂಡಿತು. ಹಸಿ ಮಣ್ಣು ಎಸೆದರು, ಜಾರಿ ಬಿತ್ತು. ಮಣ್ಣು ಬಲಿತು ಗೋಡೆಗೆ ಕಚ್ಚುವ ತನಕ ಯಾರಾದರೂ ಒತ್ತಿ ಹಿಡಿಯಲೇಬೇಕು. ಅದೂ ಬರಿಗೈಯಲ್ಲಿ.

"ಯಾರದ್ದು ಆ ಹಸಿ ಮಡಕೆ? ಇಟ್ಟವರೇ ಹೋಗಿ ಹಿಡಿಯಲಿ!" ಎಂದು ಜನ ಕೂಗಿದರು.

"ನನ್ನದು!" ಎಂದು ಕುಂಬಾರಗಿತ್ತಿ ಮುಂದೆ ಬಂದಳು. "ಯಜಮಾನರಿಗೆ ಮೋಸ ಮಾಡಿ ಇಟ್ಟೆ. ದಾರಿ ಬಿಡಿ. ನನಗೆ ಯಾರ ಹಂಗೂ ಬೇಡ."

ಮಣ್ಣಿನ ಮುದ್ದೆ ಎತ್ತಿಕೊಂಡು ಓಡಿದಳು. ಗೋಡೆ ಮುಟ್ಟುವ ಮೊದಲೇ ಝಳ ಅವಳನ್ನು ಕೆಡವಿತು. ಎದ್ದಳು. ಮತ್ತೆ ಬಿದ್ದಳು. ಹಟಕ್ಕೆ ಕೊರತೆಯಿರಲಿಲ್ಲ. ಆದರೆ ಆ ಬೆಂಕಿ ಹಟಕ್ಕೆ ಬಗ್ಗುವಂಥದ್ದಲ್ಲ.

ಯಜಮಾನ ಬಂದು ಅವಳ ಕೈಯಿಂದ ಮುದ್ದೆ ತೆಗೆದುಕೊಂಡ. ನೇರವಾಗಿ ಗೋಡೆಗೆ ಹೋದ. ತೂತಿಗೆ ಮಣ್ಣಿಟ್ಟು ಎರಡೂ ಅಂಗೈಯಿಂದ ಒತ್ತಿ ನಿಂತ. ಮಣ್ಣಿನಿಂದ ಹಬೆ ಎದ್ದಿತು. ಅವನು ಕೈ ತೆಗೆಯಲಿಲ್ಲ.

"ಬಿಡಿ ಯಜಮಾನರೇ! ಮಡಕೆ ಹೋದರೆ ಹೋಗಲಿ!" ಎಂದು ಜನ ಕಿರುಚಿದರು.

"ಬೆಂಕಿ ಇಳಿಯಬಾರದು," ಎಂದ ಅವನು. "ಕಟ್ಟಿಗೆ ಹಾಕಿ!"

ಅವನ ಮಾತಿಗೆ ಎದುರು ಮಾತಿಲ್ಲ. ಅಳುತ್ತ ಅಳುತ್ತಲೇ ಹಾಕಿದರು.

ಮಣ್ಣು ಕಚ್ಚಿತು. ಗೋಡೆ ನಿಂತಿತು. ಆವಿಗೆ ತಣಿದ ಮೇಲೆ ತೆರೆದರು. ತೂತಿನ ಬಳಿ ಇದ್ದವು ಹೋಗಿದ್ದವು. ಉಳಿದ ಮಡಕೆಗಳೆಲ್ಲ ಕೆಂಪಗೆ, ದಾಸವಾಳದ ಹೂವಿನ ಹಾಗೆ! ಬೆರಳಿನಿಂದ ತಟ್ಟಿದರೆ ಗಂಟೆಯ ನಾದ! ಜನ ಮಡಕೆಗಳನ್ನು ತಬ್ಬಿಕೊಂಡು ಕುಣಿದರು. ಆ ವರ್ಷದಂಥ ಸುಗ್ಗಿಯನ್ನು ಆ ಊರು ಕಂಡಿರಲಿಲ್ಲ.

ಆಗ ಒಬ್ಬ ಕೊಡಲಿ ತಂದ. "ಇನ್ನು ಅವಳ ತಿಗರಿ. ಕಟ್ಟಳೆ ಎಂದರೆ ಕಟ್ಟಳೆ."

ಕುಂಬಾರಗಿತ್ತಿ ತಪ್ಪಿಸಿಕೊಳ್ಳಲಿಲ್ಲ. ತಾನೇ ತಿಗರಿಯನ್ನು ಉರುಳಿಸಿಕೊಂಡು ಬಂದು ನಡುವೆ ಹಾಕಿದಳು. "ಒಡೆಯಿರಿ," ಎಂದಳು.

ಯಜಮಾನ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದ. ಬೆರಳುಗಳು ಒಂದಕ್ಕೊಂದು ಅಂಟಿ ಸೆಟೆದು ಹೋಗಿದ್ದವು. ತಿಗರಿಯ ಮೇಲೆ ಮಣ್ಣು ಎತ್ತುವ ಕೈಗಳಾಗಿ ಅವು ಉಳಿದಿರಲಿಲ್ಲ.

"ಆವಿಗೆ ನನ್ನದು. ಕಟ್ಟಳೆಯೂ ನನ್ನದು," ಎಂದ. "ಈ ತಪ್ಪಿಗೆ ಊರಿನಲ್ಲಿ ಒಂದು ತಿಗರಿ ತಿರುಗದೆ ನಿಲ್ಲಬೇಕು. ನನ್ನದು ನಿಂತಿದೆ. ಕೊಡಲಿ ಒಳಗಿಡಿ."

ಕುಂಬಾರಗಿತ್ತಿ ಅವನ ಕಾಲಿಗೆ ಬಿದ್ದಳು. "ಬದುಕಿರುವ ತನಕ ನಿಮ್ಮ ತಿಗರಿಗೆ ಮಣ್ಣು ತುಳಿದು ಕೊಡುತ್ತೇನೆ ಯಜಮಾನರೇ. ಈ ಋಣ ತೀರಿಸಿಯೇ ತೀರುತ್ತೇನೆ."

ಯಜಮಾನ ನಕ್ಕುಬಿಟ್ಟ. "ಹುಚ್ಚಿ, ನನ್ನ ತಿಗರಿಯೇ ನಿಂತ ಮೇಲೆ ನನಗೆ ಮಣ್ಣು ತುಳಿದು ಏನು ಮಾಡುತ್ತೀ? ಏಳು. ಹೋಗಿ ಆ ಗುಡಾಣವನ್ನು ಮತ್ತೆ ಮಾಡು. ಈ ಸಲ ಅದನ್ನು ಆರಲು ಬಿಡು."

ಬೇಡ ಎನ್ನಲು ಅವಳು ಬಾಯಿ ತೆರೆದಳು. ಹಾಗೆನ್ನದೆಯೇ ಎದ್ದಳು. ತಿಗರಿ ಉರುಳಿಸಿಕೊಂಡು ಮನೆಯ ಕಡೆ ಓಡಿದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ, ನೋಡಿದವರಿಗೆ ತಿಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದಾಗ ಜ್ಞಾನಮಿತ್ರ ಎದ್ದು ನಿಂತಿದ್ದ.

"ಆದರೂ ಗುರುಗಳೇ, ಅವನು ಯಜಮಾನ! ಅಪ್ಪಣೆ ಕೊಟ್ಟು ಬೇರೆ ಯಾರನ್ನಾದರೂ ಆ ಗೋಡೆಗೆ ಕಳಿಸಬಹುದಿತ್ತಲ್ಲ?"

"ಕಳಿಸಿದ್ದರೆ, ಅವನು ಬರೀ ಯಜಮಾನನಾಗಿರುತ್ತಿದ್ದ."