ಬಟ್ಟಲಿನ ಕಾವಲು

ಶಿಷ್ಯ ಕೇಳಿದ: "ಗುರುಗಳೇ, ನನ್ನವರನ್ನು ಕಾಯುವುದರಲ್ಲಿ ನಾನು ಎಂದೂ ಮೈಮರೆತವನಲ್ಲ. ಆದರೂ ನಾನು ಹೊಸ್ತಿಲು ದಾಟಿದೊಡನೆ ಮನೆಯಲ್ಲಿ ಮಾತು ನಿಂತುಹೋಗುತ್ತದೆ. ಎಚ್ಚರವಾಗಿರುವುದು ತಪ್ಪೇ?"

ಗುರುಗಳು ಒಬ್ಬ ಗಾಣಿಗನ ಕತೆ ಹೇಳಿದರು.

ಆ ಗಾಣಿಗ ಒಂದು ಬೆಳಿಗ್ಗೆ ಮನೆಯ ಮುಂದೆ ಗಿರಾಕಿಗೆ ಎಣ್ಣೆ ಅಳೆಯುತ್ತ ಕೂತಿದ್ದ. ಅಳತೆಯ ಪಾತ್ರೆ ಕಂಠಮಟ್ಟ ತುಂಬಿತ್ತು. ಎಣ್ಣೆಯ ಮೇಲೆ ಸಣ್ಣಗೆ ಅಲೆ ಎದ್ದದ್ದನ್ನು ಅವನು ಕಂಡ. ಬೀದಿಯಲ್ಲಿ ಬಂಡಿ ಹೋಗುತ್ತಿರಬೇಕು ಅಂದುಕೊಂಡು, ಚೆಲ್ಲದ ಹಾಗೆ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅದು ಬಂಡಿಯಾಗಿರಲಿಲ್ಲ. ಭೂಮಿ ನಡುಗಿತು. ಕಲ್ಲುಮಣ್ಣಿನ ಮನೆ, ಮೇಲೆ ತಲೆಮಾರುಗಳಿಂದ ಮಣ್ಣು ಹೊತ್ತ ಮಾಳಿಗೆ. ಅಂಗಳದಲ್ಲಿದ್ದ ಹೆಂಡತಿ, ಮಗಳು ಉಳಿದರು. ಒಳಗೆ ಮಲಗಿದ್ದ ತಾಯಿ ಮಾಳಿಗೆಯಡಿ ಸಿಕ್ಕಿದಳು. ಊರಿನಲ್ಲಿ ಹೆಣ ತೆಗೆಯದ ಮನೆ ಇರಲಿಲ್ಲ.

ಅವನನ್ನು ಯಾರೂ ದೂರಲಿಲ್ಲ. ಆದರೆ ಅಲೆ ಎದ್ದದ್ದಕ್ಕೂ ತೊಲೆ ಬಿದ್ದದ್ದಕ್ಕೂ ನಡುವೆ ತಾಯಿಯನ್ನು ಎತ್ತಿ ಹೊರಗೆ ತರುವಷ್ಟು ಹೊತ್ತು ಇತ್ತೆಂಬುದು ಅವನೊಬ್ಬನಿಗೆ ಗೊತ್ತಿತ್ತು. ಆ ಹೊತ್ತಿನಲ್ಲಿ ಅವನು ಎಣ್ಣೆ ಹಿಡಿದುಕೊಂಡಿದ್ದ.

ಮನೆ ಮತ್ತೆ ಎದ್ದಿತು. ಈ ಸಲ ಬಿದಿರು, ತಟ್ಟಿ, ಹುಲ್ಲು. ಬಿದ್ದರೆ ಕೆಳಗಿದ್ದ ಕೋಳಿಯೂ ಸಾಯುವಂತಿರಲಿಲ್ಲ. ಆದರೂ ಗಾಣಿಗ ನಡುಮನೆಯಲ್ಲಿ ಒಂದು ಕಂಚಿನ ಬಟ್ಟಲು ಇಟ್ಟು ಅಂಚಿನವರೆಗೆ ನೀರು ತುಂಬಿದ. ಎದ್ದೊಡನೆ ಅದನ್ನು ನೋಡುತ್ತಿದ್ದ. ಉಣ್ಣುವಾಗ ಅದರ ಎದುರಿಗೇ ಕೂರುತ್ತಿದ್ದ. ನೀರು ಅಲುಗಿದರೆ ಎಲ್ಲರೂ ಅಂಗಳಕ್ಕೆ ಓಡಬೇಕೆಂದು ಕಟ್ಟಳೆ ಮಾಡಿದ.

ಮೊದಮೊದಲು ಓಡಿದರು. ನೆಲ ಆಗಾಗ ಅದುರುತ್ತಲೇ ಇತ್ತು. ಆಮೇಲೆ ನೆಲ ಸುಮ್ಮನಾಯಿತು. ಬಟ್ಟಲಿನ ನೀರು ಸುಮ್ಮನಾಗಲಿಲ್ಲ. ಹೆಂಡತಿ ಜೋಳ ಬೀಸಿದರೆ ಅಲುಗಿತು. ಬೀಸುವ ಕಲ್ಲು ಪಕ್ಕದ ಮನೆಗೆ ಹೋಯಿತು. ಒನಕೆಯ ಪೆಟ್ಟಿಗೆ ಅಲುಗಿತು. ಒರಳನ್ನು ಹಿತ್ತಿಲಿನ ಆಚೆಗೆ ಉರುಳಿಸಿದ. ರೊಟ್ಟಿ ಬಡಿಯುವ ಸದ್ದಿಗೂ ಅವನು ಬಟ್ಟಲಿನ ಕಡೆ ತಿರುಗುವುದನ್ನು ಕಂಡು, ಅವಳು ರೊಟ್ಟಿ ಬಿಟ್ಟು ಸಂಗಟಿ ತಿರುವತೊಡಗಿದಳು. ಕೊನೆಗೆ ಗಾಣವನ್ನೇ ಊರ ಹೊರಗೆ ಸಾಗಿಸಿದ. ಗಾಣಿಗನ ಮನೆಯಲ್ಲಿ ಹಲ್ಲಿಯೂ ಅಪ್ಪಣೆ ಕೇಳಿಕೊಂಡೇ ಲೊಚಗುಟ್ಟುತ್ತದೆ ಎಂದು ನೆರೆಯವರು ನಕ್ಕರು. ಹೆಂಡತಿಯೂ ಕೆಲವು ದಿನ ನಕ್ಕಳು. ಸೀನು ಬಂತು, ಸೀನಲೋ ಓಡಲೋ ಎಂದು ಕೇಳುತ್ತಿದ್ದಳು. ಅವನು ನಗಲಿಲ್ಲ. ಬರಬರುತ್ತ ಅವಳೂ ಬಿಟ್ಟಳು.

ಮಗಳು ಹೂವಕ್ಕನಿಗೆ ಕುಂಟಾಟದ ಹುಚ್ಚು. ಒಂದು ದಿನ ಅಂಗಳದಲ್ಲಿ ಗೆಳತಿಯರ ಜೊತೆ ಆಡುತ್ತಿದ್ದಾಗ ಒಳಗೆ ನೀರು ಅಲುಗಿತು. ಗಾಣಿಗ ಕೂಗಿಕೊಂಡು ಹೊರಗೆ ಬಂದ. ಹೆಂಡತಿ ಹಿಟ್ಟಿನ ಕೈಯಲ್ಲೇ ಬಂದಳು. ಹುಡುಗಿ ಒಂಟಿ ಕಾಲಲ್ಲಿ ನಿಂತು ಇಬ್ಬರನ್ನೂ ನೋಡುತ್ತಿದ್ದಳು. ಅವನು ಅವಳ ಕೆನ್ನೆಗೆ ಹೊಡೆದ. ನಿನ್ನ ಜೀವ ಉಳಿಯಲೆಂದೇ ಇದೆಲ್ಲ ಎಂದು ಹೇಳಿ, ಕಾಲಿನ ಗೆಜ್ಜೆ ಬಿಚ್ಚಿಸಿದ. ಅಂದಿನಿಂದ ಹೂವಕ್ಕ ತುದಿಗಾಲಲ್ಲಿ ನಡೆಯತೊಡಗಿದಳು. ಮಗಳಿಗೆ ಬುದ್ಧಿ ಬಂತು ಎಂದು ಅವನು ತಿಳಿದ.

ಪಂಚಮಿಗೆ ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಹಬ್ಬ ಮುಗಿದು ದೀಪಾವಳಿ ಹತ್ತಿರ ಬಂದರೂ ಮರಳಲಿಲ್ಲ. ಗಾಣಿಗನೇ ಕರೆಯಲು ಹೋದ. ಹಬ್ಬಕ್ಕೆ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯನ್ನು ಆ ಮನೆಯವರು ಇನ್ನೂ ಬಿಚ್ಚಿರಲಿಲ್ಲ. ಹೂವಕ್ಕ ಜೀಕುತ್ತ ಗಟ್ಟಿಯಾಗಿ ನಗುತ್ತಿದ್ದಳು. ಮಗಳು ಹಾಗೆ ನಗುವವಳೆಂಬುದನ್ನೇ ಅವನು ಮರೆತಿದ್ದ. ಕೇಳುತ್ತ ನಿಂತ. ಅಷ್ಟರಲ್ಲಿ ಅವಳು ಅವನನ್ನು ಕಂಡಳು. ಕಾಲು ನೆಲಕ್ಕೆ ಊರಿ ಜೋಕಾಲಿ ನಿಲ್ಲಿಸಿದಳು. ತುದಿಗಾಲಲ್ಲಿ ನಡೆದು ಒಳಗೆ ಹೋದಳು.

ಹೆಂಡತಿ ಚೊಂಬಿನಲ್ಲಿ ನೀರು ತಂದುಕೊಟ್ಟಳು. ಅವನು ಮನೆಗೆ ನಡೆಯಿರಿ ಎಂದ. ಮತ್ತೆ ಭೂಮಿ ನಡುಗಿದರೆ ಇಲ್ಲಿ ನಿಮ್ಮನ್ನು ಎಚ್ಚರಿಸುವವರು ಯಾರು ಎಂದು ಕೇಳಿದ.

"ಭೂಮಿ ನಡುಗಿದ್ದನ್ನು ಮಗು ಮರೆತಿದೆ," ಎಂದಳು ಅವಳು. "ನಿಮ್ಮನ್ನು ಮರೆತಿಲ್ಲ."

"ನಿಮ್ಮನ್ನು ಕಾಯಲೆಂದೇ ಅಲ್ಲವೇ ನಾನು ಬಟ್ಟಲು ಇಟ್ಟದ್ದು?"

"ಬಟ್ಟಲನ್ನು ಕಾದವರು ನಾವು."

ಅವನು ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು, ಚೆಲ್ಲದ ಹಾಗೆ ಕೆಳಗಿಟ್ಟು ಎದ್ದ. ಒಬ್ಬನೇ ಊರಿಗೆ ಮರಳಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಆ ಊರಿನಲ್ಲಿ ಮತ್ತೆ ಭೂಕಂಪವಾಯಿತೇ ಎಂದು ಕೇಳಿದ.

"ಇಲ್ಲ," ಎಂದರು ಗುರುಗಳು. "ಆ ಬಟ್ಟಲಿನ ನೀರು ಈಗ ಅಲುಗುವುದೇ ಇಲ್ಲ."