ತೇಲಿಬಂದ ಎಣ್ಣೆ

“ಬುದ್ಧೀ, ನನ್ನೊಳಗಿನ ಅಹಂಕಾರ ಸತ್ತುಹೋಗಿದೆ. ಇನ್ನು ನಾನು ಊರೂರಿಗೆ ಹೋಗಿ ಉಪದೇಶ ಮಾಡಬಹುದೇ?” ಎಂದು ಶಿಷ್ಯ ಕೇಳಿದ.

“ಸತ್ತೇ ಹೋಯಿತೇ? ಒಳ್ಳೆಯದಾಯಿತು ಮರಿ, ನಮಗೇ ಇನ್ನೂ ಆಗಿಲ್ಲ” ಎಂದು ಗುರುಗಳು ನಕ್ಕರು. “ಹೊರಡುವ ಮುಂಚೆ ಒಂದು ಹಡಗಿನ ಕತೆ ಕೇಳಿಕೊಂಡು ಹೋಗು.”

ಮಹಾಯುದ್ಧದ ಕಾಲ. ಶತ್ರುವಿನ ಜಲಾಂತರ್ಗಾಮಿಗಳನ್ನು ಬೇಟೆಯಾಡಲೆಂದೇ ಕಟ್ಟಿದ ಒಂದು ಸಣ್ಣ ಹಡಗಿತ್ತು. ಧಾನ್ಯ ಹೊತ್ತು ಸಾಗುವ ದೊಡ್ಡ ಹಡಗುಗಳಿಗೆ ಅದು ಕಾವಲು. ಒಂದು ಜಲಾಂತರ್ಗಾಮಿಯನ್ನು ಮುಳುಗಿಸಿದರೆ ಹೊಗೆಕೊಳವೆಯ ಮೇಲೆ ಒಂದು ಬಿಳಿ ಪಟ್ಟೆ ಬಳಿಯುವುದು ಅಂಥ ಹಡಗುಗಳವರ ರೂಢಿ. ಈ ಹಡಗಿನ ಕೊಳವೆಯ ಮೇಲೆ ವರ್ಷಗಳಾದರೂ ಪಟ್ಟೆ ಮೂಡಲಿಲ್ಲ. ಬಂದರಿಗೆ ಬಂದಾಗಲೆಲ್ಲ ಕಪ್ತಾನನಿಗೆ ನಾಚಿಕೆಯಾಗುತ್ತಿತ್ತು.

ಒಂದು ಮಧ್ಯಾಹ್ನ ನೀರಿನಡಿಯಲ್ಲಿ ಯಂತ್ರದ ಸದ್ದು ಕೇಳಿಸಿತು. ಕಪ್ತಾನ ಅತ್ತ ಹಡಗು ಓಡಿಸಿ ಸಿಡಿಮದ್ದಿನ ಪೀಪಾಯಿಗಳನ್ನು ಕಡಲಿಗೆ ಉರುಳಿಸಿದ. ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಎಣ್ಣೆ ಹರಡಿತು. ಹಲಗೆಯ ಚೂರುಗಳು ಬಂದವು. ಒಂದು ಟೋಪಿಯೂ ತೇಲಿಬಂತು.

“ಸಾಹೇಬರೇ, ಇನ್ನೊಂದು ಸುತ್ತು ಹಾಕೋಣವೇ?” ಎಂದು ಕಿರಿಯ ಅಧಿಕಾರಿ ಕೇಳಿದ.

“ಸತ್ತವನನ್ನು ಎಷ್ಟು ಸಲ ಕೊಲ್ಲುತ್ತೀಯಪ್ಪ? ಬಣ್ಣದ ಡಬ್ಬಿ ತರಿಸು” ಎಂದ ಕಪ್ತಾನ.

ಪಟ್ಟೆ ಬಳಿದರು. ಎಲ್ಲರೂ ಕುಣಿದರು. ಕಾವಲು ಸಡಿಲವಾಯಿತು. ಅಂದೇ ಸಂಜೆ ಧಾನ್ಯದ ಎರಡು ಹಡಗುಗಳು ಸಿಡಿದು ಮುಳುಗಿದವು. ಅವುಗಳಲ್ಲಿದ್ದ ಒಬ್ಬನೂ ಉಳಿಯಲಿಲ್ಲ. ಇದು ಇನ್ನೊಂದು ಜಲಾಂತರ್ಗಾಮಿಯ ಕೆಲಸವೆಂದೇ ಕಪ್ತಾನ ನಂಬಿದ.

ಯುದ್ಧ ಮುಗಿಯಿತು. ಶರಣಾಗಿ ಬಂದ ಜಲಾಂತರ್ಗಾಮಿಯ ನಾಯಕನೊಬ್ಬ ಬಂದರಿನಲ್ಲಿ ಆ ಪಟ್ಟೆಯನ್ನು ನೋಡಿ, ಅದು ಯಾವಾಗಿನದೆಂದು ವಿಚಾರಿಸಿದ. ಕಪ್ತಾನ ಎದೆಯುಬ್ಬಿಸಿ ದಿನವನ್ನೂ ಜಾಗವನ್ನೂ ಹೇಳಿದ.

“ಅಲ್ಲಿ ಇದ್ದವರು ನಾವೇ. ಯಂತ್ರ ನಿಲ್ಲಿಸಿ ತಳದಲ್ಲಿ ಕೂತೆವು. ಎಣ್ಣೆ, ಹಲಗೆ ಎಲ್ಲವನ್ನೂ ನಾವೇ ಹೊರಗೆ ಬಿಟ್ಟೆವು. ಟೋಪಿ ನನ್ನದು. ನೀವು ಹೊರಟಿರಿ, ನಾವು ಹಿಂದೆಯೇ ಬಂದೆವು” ಎಂದ ಅವನು.

ಕಪ್ತಾನ ಆ ಎರಡು ಹಡಗುಗಳವರನ್ನು ನೆನೆದು ಮಕ್ಕಳ ಹಾಗೆ ಅತ್ತ. ಹಡಗು ಗುಜರಿಗೆ ಹೋಗುವ ಮುಂಚೆ ತಾನೇ ಏಣಿ ಹತ್ತಿ ಪಟ್ಟೆಯನ್ನು ಕೆರೆದು ತೆಗೆದ.

ಗುರುಗಳು ಕತೆ ನಿಲ್ಲಿಸಿದರು.

“ಪಾಪ, ಮೋಸಹೋದ” ಎಂದ ಶಿಷ್ಯ.

“ಹೌದು. ಅಹಂಕಾರ ಸತ್ತಿತೆಂಬ ಸುದ್ದಿಯನ್ನು ನಿನಗೆ ತಂದುಕೊಟ್ಟವರು ಯಾರು, ಮರಿ?”